ಉಳಿದ ಪೌಲಾ

ಶನಿವಾರ, 5 ಅಕ್ಟೋಬರ್ 2024
ಲಂಡನ್

ನವರಾತ್ರಿಯ ಮೂರನೆಯ ದಿನ. ಅಮ್ಮನ ಗೊಂಬೆಗಳು ಮೈಸೂರಿನ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ಅಪ್ಪನ ಹಳೆಯ ಪಂಚೆಯ ತುಂಡುಗಳೊಳಗೆ ಮಲಗಿವೆ. ಈ ವರ್ಷ ಅವುಗಳನ್ನು ಕೂರಿಸುವವರಿಲ್ಲ. ಅಲ್ಲಿರುವ ಚಿಕ್ಕಮ್ಮ ಒಬ್ಬಳಿಂದಲೇ ಅಟ್ಟ ಹತ್ತಿ ಇಳಿಯುವುದು ಆಗದು. ಅಮ್ಮ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಬೆಳಿಗ್ಗೆಯಿಂದ ಎರಡು ಸಲ ನಮ್ಮ ಪುಸ್ತಕದ ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದಳು. ನೋಡಲಾಗದೆ ಹೊರಡಿಸಿದೆ.

ಫಿಂಚ್ಲಿ ರೋಡ್ ಸ್ಟೇಷನ್ನಿನಿಂದ ದಾರಿ ಏರು. ಅಮ್ಮನ ಮಂಡಿಗಾಗಿ ಮೂರು ಕಡೆ ನಿಂತು, 20 ಮೇರ್ಸ್‌ಫೀಲ್ಡ್ ಗಾರ್ಡನ್ಸ್ ತಲುಪಿದೆವು. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಯೆಹೂದಿ ವೈದ್ಯ ಸಿಗ್ಮಂಡ್ ಫ್ರಾಯ್ಡ್, ನಾಜಿಗಳು ಆಸ್ಟ್ರಿಯಾ ಹಿಡಿದ ಮೇಲೆ ವಿಯೆನ್ನಾ ಬಿಟ್ಟು ಬಂದು, ಕೊನೆಯ ಒಂದು ವರ್ಷ ಬದುಕಿ, ಪ್ರಾಣ ಬಿಟ್ಟ ಮನೆ. ಈಗ ಮ್ಯೂಸಿಯಂ. ನಾನು ಮನಸ್ಸು ಕೆಟ್ಟಾಗಲೆಲ್ಲ ಹೋಗುವ ಮನೆ.

ಓದುವ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತೇಬಿಟ್ಟಳು. ಬರೆಯುವ ಮೇಜಿನ ಮೇಲೆ ಸಾಲುಸಾಲಾಗಿ ಈಜಿಪ್ಟಿನವರು, ಗ್ರೀಕರು, ರೋಮನರು, ಚೀನಾದವರು. ಗೋಡೆಯ ಗಾಜಿನ ಕಪಾಟುಗಳಲ್ಲಿ ಇನ್ನೂ ನೂರಾರು.

“ಗೊಂಬೆ ಕೂರಿಸಿದ್ದಾರೆ ಕಣೇ!”

ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ದಂತದ ವಿಷ್ಣುವನ್ನು ತೋರಿಸಿದೆ. ಕಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿ ಕಟ್ಟಿದ ಭಾರತೀಯ ಮನೋವಿಶ್ಲೇಷಣಾ ಸಂಘದವರು ಫ್ರಾಯ್ಡ್ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ, 1931ರಲ್ಲಿ, ಕಳಿಸಿಕೊಟ್ಟದ್ದು. ಅದನ್ನು ಅವರು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡರು. ಅಮ್ಮ ಚಪ್ಪಲಿ ಬಿಡಬೇಕೇ ಎಂದು ಕೇಳಿದಳು. ಬೇಡ ಎಂದೆ. ಅಡ್ಡ ಕಟ್ಟಿದ್ದ ಹಗ್ಗದ ಈಚೆಯಿಂದಲೇ ಕೈ ಮುಗಿದಳು.

“ಇಷ್ಟೊಂದನ್ನು ಊರು ಬಿಟ್ಟು ಬಂದ ಮೇಲೆ ಹೀಗೆ ಜೋಡಿಸಿದವರು ಯಾರು?”

ಗೊಂಬೆ ಕೂರಿಸಿದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ. ಮನೆಕೆಲಸದ ಪೌಲಾ ಫಿಖ್ಟ್ಲ್ ಎಂದೆ. ವಿಯೆನ್ನಾದ ಬೆರ್ಗ್‌ಗಾಸೆ 19ರಲ್ಲಿ ಯಾವುದರ ಪಕ್ಕ ಯಾವುದಿತ್ತು ಎಂದು ಅವಳಿಗೆ ನೆನಪಿತ್ತು. ನಲವತ್ತೇಳು ವರ್ಷ ಬಾಳಿದ ಮನೆಯನ್ನು ಬಿಟ್ಟು ಬಂದ ಮುದುಕರಿಗೆ, ಕುರ್ಚಿಯಲ್ಲಿ ಕೂತು ತಲೆ ಎತ್ತಿದರೆ ಅದೇ ಮುಖಗಳು ಕಾಣುವಂತೆ ಮಾಡಿದವಳು ಅವಳು.

“ಕೆಲಸದವಳನ್ನೂ ಕರೆತಂದರೇ? ಒಳ್ಳೆಯವರು. ಮತ್ತೆ ಯಾರ್‍ಯಾರು ಬಂದರು?”

ಎಣಿಸಿ ಹೇಳಿದೆ. ಹೆಂಡತಿ ಮಾರ್ಥಾ, ಮಗಳು ಅನ್ನಾ, ಪೌಲಾ, ದಾರಿಯಲ್ಲಿ ನೋಡಿಕೊಳ್ಳಲು ಒಬ್ಬ ವೈದ್ಯೆ, ಲ್ಯೂನ್ ಎಂಬ ನಾಯಿ. ಹೆಂಡತಿಯ ತಂಗಿ ಮಿನ್ನಾ ತಿಂಗಳ ಮೊದಲೇ ಹೊರಟಿದ್ದಳು. ಇವರು 1938ರ ಜೂನ್ 4ರಂದು ರೈಲು ಹತ್ತಿ, ಪ್ಯಾರಿಸ್ ಮೇಲೆ ಬಂದು, 6ರಂದು ಲಂಡನ್ನಿನಲ್ಲಿ ಇಳಿದರು.

“ಅವರ ಒಡಹುಟ್ಟಿದವರು?”

ಹೇಳದೆ ಇರಬಹುದಿತ್ತು. ಒಬ್ಬ ತಂಗಿ ಮೊದಲೇ ಅಮೆರಿಕ ಸೇರಿದ್ದಳು, ಇನ್ನೂ ನಾಲ್ವರು ವಿಯೆನ್ನಾದಲ್ಲೇ ಉಳಿದರು ಎಂದೆ. ಅಮ್ಮ ಮೆಟ್ಟಿಲ ಬಳಿಯ ಕುರ್ಚಿಯಲ್ಲಿ ಕೂತಳು.

“ಹೆಸರು ಹೇಳು.”

ರೋಸಾ, ಮಾರೀ, ಅಡಾಲ್ಫೀನ್, ಪೌಲಾ.

“ಇನ್ನೊಬ್ಬಳು ಪೌಲಾ?”

ಈ ಮನೆಗೆ ಎಷ್ಟು ಸಲ ಬಂದಿದ್ದೇನೆ, ಎಷ್ಟು ಓದಿದ್ದೇನೆ! ಎರಡು ಪೌಲಾಗಳನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಒಬ್ಬ ಪೌಲಾ ಬಂದು ಗೊಂಬೆ ಜೋಡಿಸಿದಳು. ಇನ್ನೊಬ್ಬ ಪೌಲಾ ಉಳಿದಳು.

ಅಮ್ಮ ಬಿಡಲಿಲ್ಲ. ಏಕೆ ಕರೆತರಲಿಲ್ಲ, ಆಮೇಲಾದರೂ ಕರೆಸಿಕೊಳ್ಳಬಾರದಿತ್ತೇ? ನನಗೆ ತಿಳಿದಷ್ಟು ಹೇಳಿದೆ. ಹೊರಬರುವವರಿಗೆ ಒಂದೊಂದು ಪರವಾನಗಿಗೂ ಯಾರ್‍ಯಾರೋ ಓಡಾಡಬೇಕಿತ್ತು. ದೇಶ ಬಿಡುವುದಕ್ಕೆ ನಾಜಿಗಳು ಹಾಕಿದ್ದ ತೆರಿಗೆಯ ಹಣವನ್ನೇ ಅವರ ಶಿಷ್ಯೆ ಮಾರೀ ಬೊನಪಾರ್ಟ್ ಕೊಡಬೇಕಾಯಿತು. ಹೊರಡುವಾಗ ತಂಗಿಯರ ಖರ್ಚಿಗೆಂದು ಸುಮಾರು 1,60,000 ಶಿಲ್ಲಿಂಗ್ ಬಿಟ್ಟು ಬಂದಿದ್ದರು. ಆ ನವೆಂಬರಿನಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದ ಮೇಲೆ ಬೊನಪಾರ್ಟ್‌ಗೆ ಬರೆದ ಕಾಗದದಲ್ಲಿ ಅದೇ ಚಿಂತೆ: ಎಪ್ಪತ್ತೈದು ದಾಟಿದ ಈ ನಾಲ್ವರು ಮುದುಕಿಯರಿಗೆ ಏನು ದಾರಿ, ಇಂಗ್ಲೆಂಡಿನಲ್ಲಿ ಸಾಕುವುದು ನಮ್ಮ ಶಕ್ತಿಗೆ ಮೀರಿದ್ದು, ಬಿಟ್ಟು ಬಂದ ಹಣವೂ ಇಷ್ಟು ಹೊತ್ತಿಗೆ ಹೋಗಿರಬಹುದು. ಆಕೆ ಫ್ರಾನ್ಸಿಗಾದರೂ ಕರೆಸಲು ನೋಡಿದಳು. ಆಗಲಿಲ್ಲ.

“ಆಮೇಲೆ?”

1942ರಲ್ಲಿ ನಾಲ್ವರನ್ನೂ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಅಡಾಲ್ಫೀನ್ ಅಲ್ಲೇ ಸತ್ತಳು. ಉಳಿದವರನ್ನು ಇನ್ನೂ ಪೂರ್ವಕ್ಕೆ ಒಯ್ದು ಕೊಂದರು. ಅಣ್ಣನಿಗೆ ಇದು ಗೊತ್ತಾಗಲಿಲ್ಲ, 1939ರ ಸೆಪ್ಟೆಂಬರ್ 23ರಂದೇ ಅವರು ತೀರಿಕೊಂಡಿದ್ದರು.

ಅಡಾಲ್ಫೀನ್ ಮದುವೆಯಾಗದೆ, ತೊಂಬತ್ತೈದು ವರ್ಷ ಬದುಕಿದ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು. ಅದನ್ನೂ ಹೇಳಿದೆ. ಹೇಳಬಾರದಿತ್ತು. ಅಜ್ಜಿಯನ್ನು ನೋಡಿಕೊಂಡವಳು ನಮ್ಮ ಚಿಕ್ಕಮ್ಮ.

ಬಸ್ಸಿನಲ್ಲಿ ಒಂದು ಮಾತಿಲ್ಲ.

ರಾತ್ರಿ ಕಡಲೆ ಉಸಲಿ ಮಾಡಿದಳು. ಕಪಾಟಿನ ಮೇಲೆ ಗಣಪತಿ, ಒಂದು ಹಿತ್ತಾಳೆ ಆನೆ, ನನ್ನ ಮಗ ಶಾಲೆಯಲ್ಲಿ ಮಾಡಿದ ಮಣ್ಣಿನ ಗೂಬೆ, ಮೂರನ್ನು ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚಿದಳು. ಗೂಬೆಗೂ! ಮಗ ಕುಣಿದಾಡಿದ. ತುಂಬ ಚೆನ್ನಾಗಿತ್ತು ಆ ಅರ್ಧ ಗಂಟೆ.

ಎಲ್ಲರೂ ಮಲಗಿದ ಮೇಲೆ ಫ್ರಾಯ್ಡ್ ಅವರ ಕೊನೆಯ ಹತ್ತು ವರ್ಷಗಳ ದಿನಚರಿ ತೆರೆದೆ. ದಿನಕ್ಕೆ ಒಂದು ಸಾಲು, ಅದೂ ಎಲ್ಲ ದಿನ ಇಲ್ಲ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಮುಗಿಯಿತು ಎಂಬುದಕ್ಕೆ ಎರಡು ಪದ. ಅದೇ ತಿಂಗಳ 22ರಂದು ‘ಅನ್ನಾ ಗೆಸ್ಟಾಪೊದಲ್ಲಿ’, ಅಂದರೆ ನಾಜಿಗಳ ಗುಪ್ತ ಪೊಲೀಸರ ಬಳಿ. ಮಗಳು ಸಂಜೆ ಮರಳುವವರೆಗೆ ಆ ತಂದೆ ಪಟ್ಟ ಪಾಡಿಗೆ ಅಷ್ಟೇ ಅಕ್ಷರ. ಕೊನೆಯ ನಮೂದು 1939ರ ಆಗಸ್ಟಿನದು, ‘ಯುದ್ಧದ ಭೀತಿ’.

ಸ್ವಾತಂತ್ರ್ಯದಲ್ಲಿ ಸಾಯಬೇಕು ಎಂದು ಬಂದವರು. ಹಾಗೆ ಮಗನಿಗೆ ಬರೆದಿದ್ದರು. ಈ ಮನೆಯ ಕಥೆಯನ್ನು ನಾನು ಯಾವಾಗಲೂ ಗೆದ್ದವರ ಕಥೆಯಾಗಿಯೇ ಹೇಳುತ್ತಿದ್ದೆ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಎಂಬತ್ತೆರಡು ವರ್ಷ, ಹದಿನೈದು ವರ್ಷಗಳಿಂದ ಬಾಯೊಳಗೆ ಕ್ಯಾನ್ಸರ್, ಮೂವತ್ತಕ್ಕೂ ಹೆಚ್ಚು ಸಲ ಕತ್ತರಿಸಿದ ದವಡೆ. ಕೊನೆಯ ವಾರಗಳಲ್ಲಿ ಆ ಓದುವ ಕೋಣೆಯಲ್ಲೇ, ತೋಟ ಕಾಣುವಂತೆ ಮಂಚ ಹಾಕಿದ್ದರು. ಕೊಳೆತ ಗಾಯಕ್ಕೆ ನೊಣ ಮುತ್ತದಂತೆ ಮೇಲೆ ಸೊಳ್ಳೆಪರದೆ. ಬಂದ ಹೊಸದರಲ್ಲಿ ಆರು ತಿಂಗಳು ಕ್ವಾರಂಟೈನಿನಲ್ಲಿ ಬೇರೆ ಇರಿಸಿ, ಕೊನೆಗೂ ಮನೆ ಸೇರಿದ್ದ ಲ್ಯೂನ್ ಕೂಡ ಆ ವಾಸನೆಗೆ ಹತ್ತಿರ ಬರದೆ ಮೂಲೆಗೆ ಸರಿಯುತ್ತಿತ್ತು. ಕರೆದರೂ ಬರುತ್ತಿರಲಿಲ್ಲ. ಅಂಥವರು ಇನ್ನು ಯಾರನ್ನು ತಾನೇ ಕರೆತರಬಲ್ಲವರಾಗಿದ್ದರು?

ಆದರೂ ಅಮ್ಮ ಕೇಳಿದ್ದು ತಪ್ಪೆನ್ನಲೂ ಆಗುತ್ತಿಲ್ಲ. ಯಾರು ಬಂದರು ಎಂದು ನಾನು ಕೇಳುತ್ತಿದ್ದೆ, ಅಷ್ಟೇ.

ಅಮ್ಮನ ಟಿಕೆಟ್ ನವೆಂಬರ್ 20ಕ್ಕೆ. ಜನವರಿಗೆ ಮುಂದೆ ಹಾಕೋಣವೇ, ಚಳಿಗೆ ದಪ್ಪ ಸ್ವೆಟರ್ ಕೊಳ್ಳೋಣ ಎಂದು ಇವತ್ತೇ ಕೇಳಬೇಕೆಂದಿದ್ದೆ. ಅದಕ್ಕೆಂದೇ ಅರ್ಧ ಹೊರಗೆ ಕರೆದೊಯ್ದದ್ದು.

ಈಗ ರಾತ್ರಿ ಹನ್ನೆರಡೂಕಾಲು. ಅಡುಗೆಮನೆಯ ದೀಪ ಉರಿಯುತ್ತಿದೆ. ಹೋಗಿ ನೋಡಿದರೆ ಅಮ್ಮ ಶಾಲು ಹೊದ್ದು, ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಮೈಸೂರಿನಲ್ಲಿ ಇನ್ನೇನು ಐದು ಗಂಟೆ.

“ಅವಳು ಏಳುವ ಹೊತ್ತಾಯಿತು. ನೀನು ಮಲಗು” ಎಂದಳು. ಆಮೇಲೆ, ಅಟ್ಟದ ಟ್ರಂಕನ್ನು ಯಾರಿಂದಲಾದರೂ ಇಳಿಸಿಕೊಡಲು ಪಕ್ಕದ ಮನೆಯವರಿಗೆ ನಾನು ಫೋನು ಮಾಡಬಹುದೇ, ಇನ್ನೂ ಒಂಬತ್ತನೆಯ ದಿನದವರೆಗೆ ಸಮಯವಿದೆಯಲ್ಲ ಎಂದು ಕೇಳಿದಳು.