ಏಳು ದೊಡ್ಡದೋ, ಮೂವತ್ತೈದು ದೊಡ್ಡದೋ

ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಣೆಗೆ ಹೋದಾಗ ಕೊನೇ ಬೆಂಚಿನಲ್ಲಿ ಕೂರಬಾರದು. ಅಲ್ಲಿಂದ ಕಾಣುವುದು ಬೋರ್ಡು, ಪಾಠ ಮಾಡುವವರ ಮುಖ, ಮಕ್ಕಳ ಬೆನ್ನು ಅಷ್ಟೇ. ಪಕ್ಕದ ಗೋಡೆಗೆ ಕುರ್ಚಿ ಹಾಕಿಕೊಂಡು ನಡುವಿನ ಸಾಲಿನ ಹತ್ತಿರ ಕೂತರೆ ನೋಟ್‌ಬುಕ್ಕುಗಳು ಕಾಣುತ್ತವೆ. ಅವತ್ತಿನ ಪಾಠದ ನಿಜವಾದ ಸುದ್ದಿ ಸಿಕ್ಕಿದ್ದೂ ಒಂದು ನೋಟ್‌ಬುಕ್ಕಿನಲ್ಲೇ.

ಸರ್ಕಾರಿ ಶಾಲೆ, ಏಳನೇ ತರಗತಿ, ಎರಡನೇ ಪೀರಿಯಡ್, 36 ಮಕ್ಕಳು. ಪಾಠ ದಶಮಾಂಶಗಳ ಹೋಲಿಕೆ. ಪ್ರಶಿಕ್ಷಣಾರ್ಥಿ ಬಿ.ಎಸ್‌ಸಿ.ಯಲ್ಲಿ ಗಣಿತ ಓದಿದವರು. ಪಾಠಯೋಜನೆ ಅಚ್ಚುಕಟ್ಟು, ಬೋರ್ಡಿನ ಬರಹ ದುಂಡಗೆ. 0.62, 0.4 ಎಂದು ಬರೆದು "ಯಾವುದು ದೊಡ್ಡದು?" ಎಂದು ಕೇಳಿದರು. "ಸೊನ್ನೆ ಪಾಯಿಂಟ್ ಅರವತ್ತೆರಡು ಮಿಸ್!" ಎಂದು ಇಡೀ ತರಗತಿ ಕೂಗಿತು. ಆಮೇಲೆ 0.85, 0.3. ಅದೂ ಸರಿ. ಎಲ್ಲರಿಗೂ ಅರ್ಥವಾಗಿದೆ ಎಂದುಕೊಂಡು ಆಕೆ ಅಭ್ಯಾಸದ ಲೆಕ್ಕಗಳಿಗೆ ಹೋದರು.

ನನ್ನ ಪಕ್ಕದ ಬೆಂಚಿನ ಹುಡುಗಿ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದುಕೊಂಡಿದ್ದಳು: 62, 4. ಅದರ ಕೆಳಗೆ 85, 3. ಬಿಂದುವೂ ಇಲ್ಲ, ಅದರ ಹಿಂದಿನ ಸೊನ್ನೆಯೂ ಇಲ್ಲ. ಉತ್ತರ ಎರಡಕ್ಕೂ ಸರಿಯಾಗಿತ್ತು.

ತೊಂದರೆ ಇದ್ದದ್ದು ಉದಾಹರಣೆಗಳಲ್ಲಿ. ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿದ ಮಗುವೂ 0.62 ದೊಡ್ಡದು ಎನ್ನುತ್ತದೆ, ತಿಳಿದ ಮಗುವೂ ಹಾಗೇ ಎನ್ನುತ್ತದೆ. 0.35, 0.7 ಎಂಬ ಜೋಡಿ ಕೊಟ್ಟರೆ ಮಾತ್ರ ಇಬ್ಬರೂ ಬೇರೆಯಾಗುತ್ತಾರೆ. ಗಣಿತ ಬಲ್ಲವರಿಗೆಲ್ಲ 0.7 ದೊಡ್ಡದು ಎಂದು ಗೊತ್ತು. ಯಾವ ಜೋಡಿ ಮಗುವಿನ ತಪ್ಪನ್ನು ಹೊರಗೆ ತರುತ್ತದೆ, ಯಾವುದು ಮುಚ್ಚಿಡುತ್ತದೆ ಎಂಬುದು ಬೇರೆಯದೇ ಜ್ಞಾನ. ವಿಷಯವನ್ನು ಕಲಿಸುವುದಕ್ಕೆ ಬೇಕಾದ ಈ ವಿಶೇಷ ತಿಳಿವಳಿಕೆಯನ್ನು ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಶಿಕ್ಷಣ ವಿಭಾಗದಲ್ಲಿ ಕೆಲಸ ಮಾಡುವವರ ಪರಿಣತಿ ಇರಬೇಕಾದದ್ದು ಇಲ್ಲೇ ಎಂದು ನನ್ನ ಗಟ್ಟಿ ನಂಬಿಕೆ. ವೀಕ್ಷಣಾ ನಮೂನೆಯಲ್ಲಿ "ಧ್ವನಿ ಸ್ಪಷ್ಟ, ಬೋರ್ಡ್ ಬಳಕೆ ಉತ್ತಮ" ಎಂದು ಬರೆದು ಸಹಿ ಹಾಕಿ ಬರುವುದು ಕಲಿಯಲು ಬಂದವರಿಗೆ ಮಾಡುವ ಅನ್ಯಾಯ. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ 20 ವಾರಗಳನ್ನು ಶಾಲೆಯ ಒಡನಾಟಕ್ಕೆ ಇಟ್ಟಿತು. ಅಷ್ಟು ವಾರಗಳಲ್ಲಿ ಯಾರೂ ನೋಟ್‌ಬುಕ್ಕಿಗೆ ಬಗ್ಗಿ ನೋಡದಿದ್ದರೆ ಬರೀ ಹಾಜರಾತಿ ತುಂಬುತ್ತದೆ.

ಪಾಠ ಮುಗಿದ ಮೇಲೆ ಜಗಲಿಯಲ್ಲಿ ಕೂತು ಮಾತಾಡಿದೆವು. ತಪ್ಪು ಎಣಿಸುವ ಮೊದಲು ಆಕೆಯನ್ನೇ ಕೇಳಬೇಕು. "ನಿಮಗೆ ಹೇಗನ್ನಿಸ್ತಮ್ಮ?" "ಚೆನ್ನಾಗಿ ರೆಸ್ಪಾನ್ಸ್ ಮಾಡಿದ್ರು ಸರ್." ಆಗ ಮಾರ್ಜಿನ್ನಿನಲ್ಲಿದ್ದ 62, 4ರ ಸಂಗತಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎಲ್ರೂ ಹಂಗೇ ಮಾಡಿರಬಹುದಾ ಸರ್?" ಎಂದರು. ಒಳ್ಳೆಯ ಪ್ರಶ್ನೆ. ಉತ್ತರ ಮಕ್ಕಳಿಂದಲೇ ಬರಬೇಕು.

ಮಾರನೇ ದಿನ ಮೊದಲ ಐದು ನಿಮಿಷ ಚೀಟಿಗೆ. ಎರಡೇ ಜೋಡಿ: 0.35, 0.7, ಆಮೇಲೆ 0.62, 0.4. ದೊಡ್ಡದಕ್ಕೆ ಸುತ್ತು ಹಾಕಬೇಕು, ಮಾತಾಡುವಂತಿಲ್ಲ. 0.35 ಮತ್ತು 0.62ಕ್ಕೆ ಸುತ್ತಿದವರು ಬಿಂದು ಮರೆತು ಪೂರ್ಣಸಂಖ್ಯೆಯಂತೆ ಓದುವವರು. 0.7 ಮತ್ತು 0.4ಕ್ಕೆ ಸುತ್ತಿದವರು ಅದಕ್ಕೆ ತದ್ವಿರುದ್ಧ. ನೂರರ ಭಾಗ ಹತ್ತರ ಭಾಗಕ್ಕಿಂತ ಚಿಕ್ಕದು ಎಂದು ಕೇಳಿ, ಅಂಕಿ ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದು ಎಂದುಕೊಂಡವರು. 0.7 ಮತ್ತು 0.62 ಗುರುತಿಸಿದವರು ಸದ್ಯಕ್ಕೆ ಸರಿ. ಚೀಟಿ ವಿಂಗಡಿಸಿದರೆ ಮೊದಲ ಗುಂಪಿನಲ್ಲಿ 20, ಎರಡನೆಯದರಲ್ಲಿ 4, ಮೂರನೆಯದರಲ್ಲಿ 11. ಒಂದು ಚೀಟಿ ಯಾವುದಕ್ಕೂ ಸೇರಲಿಲ್ಲ, ಊಹೆ ಇರಬೇಕು.

ಮೊದಲ ಗುಂಪು ಇಷ್ಟು ದೊಡ್ಡದಾಗಲು ನಾವು ಓದಿಸುವ ರೀತಿಯೂ ಕಾರಣ. "ಸೊನ್ನೆ ಪಾಯಿಂಟ್ ಮೂವತ್ತೈದು" ಎಂದರೆ ಮಗುವಿನ ಕಿವಿಗೆ ಬೀಳುವುದು ಮೂವತ್ತೈದೇ. "ಸೊನ್ನೆ ಬಿಂದು ಮೂರು ಐದು" ಎಂದೇ ಓದಿಸಬೇಕು. ರೂಪಾಯಿ, ಪೈಸೆಯ ಉದಾಹರಣೆ ಸುಲಭವೆನಿಸಿದರೂ 2.5 ಅನ್ನು ಎರಡು ರೂಪಾಯಿ ಐದು ಪೈಸೆ ಎಂದು ಓದುವ ಅಭ್ಯಾಸ ಬರುತ್ತದೆ. ಕ್ರಿಕೆಟ್ ಇನ್ನೂ ಅಪಾಯ: 4.5 ಓವರಿಗೆ ಒಂದು ಎಸೆತ ಸೇರಿದರೆ 5 ಓವರ್, ಯಾಕೆಂದರೆ ಅಲ್ಲಿ ಬಿಂದುವಿನ ಆಚೆಗಿರುವುದು ಆರರ ಲೆಕ್ಕ. ಮಕ್ಕಳೇ ಅದನ್ನು ಎತ್ತಿದರೆ ಚರ್ಚಿಸಬೇಕು, ನಾವಾಗಿ ಶುರು ಮಾಡಬಾರದು.

"ಕೊನೆಗೆ ಸೊನ್ನೆ ಸೇರಿಸಿ 0.70 ಮಾಡು" ಎಂಬ ಉಪಾಯವನ್ನೂ ಮೊದಲೇ ಹೇಳಿಕೊಡಬಾರದು. ಉತ್ತರ ಸರಿಯಾಗುತ್ತದೆ, ಆದರೆ ಏಳು ಹೇಗೆ ಎಪ್ಪತ್ತಾಯಿತು ಎಂಬುದು ಕತ್ತಲಲ್ಲೇ ಉಳಿಯುತ್ತದೆ. ಗ್ರಾಫ್ ಹಾಳೆಯಲ್ಲಿ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲದ ಚೌಕ ಗುರುತಿಸಿ, ಒಂದೊಂದು ಸೆಂಟಿಮೀಟರಿಗೆ ಗೆರೆ ಹಾಕಿಸಿದರೆ ನೂರು ಮನೆ. ಇಡೀ ಚೌಕ ಒಂದು; ಒಂದು ಕಂಬಸಾಲು 0.1; ಒಂದು ಮನೆ 0.01. ಎರಡು ಚೌಕ ಪಕ್ಕಪಕ್ಕ, ಒಂದರಲ್ಲಿ 0.7, ಇನ್ನೊಂದರಲ್ಲಿ 0.35.

ಜಗಲಿಯಲ್ಲಿ ಇನ್ನೊಂದು ಮಾತೂ ಬಂದಿತ್ತು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ತೋರಿಸಿದ್ದರು. ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ. ಹೆಸರನ್ನು ಮೊದಲೇ ಕರೆದರೆ ಉಳಿದ 35 ಮಕ್ಕಳು ಯೋಚಿಸುವುದನ್ನು ಅಲ್ಲಿಗೇ ಬಿಡುತ್ತಾರೆ.

ಅದೇ ಹುಡುಗಿ 0.7ಕ್ಕೆ ಏಳು ಮನೆಗಳಿಗೆ ಮಾತ್ರ ಬಣ್ಣ ತುಂಬಿದ್ದಳು. ಪ್ರಶಿಕ್ಷಣಾರ್ಥಿ ತಿದ್ದಲಿಲ್ಲ. "ಇಡೀ ಚೌಕ ಹತ್ತು ಪಾಲು ಮಾಡಿದ್ರೆ, ಒಂದು ಪಾಲು ಎಷ್ಟು ದೊಡ್ಡದು?" ಎಂದು ಕೇಳಿ ಸುಮ್ಮನೆ ನಿಂತರು. ಬೆರಳು ಮಡಚಿ ಎಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು, ಐದರವರೆಗೂ ಎಣಿಸಿದರು. ಹುಡುಗಿ ಪೆನ್ಸಿಲನ್ನು ಮೊದಲ ಕಂಬಸಾಲಿನ ಉದ್ದಕ್ಕೂ ಮೇಲಿಂದ ಕೆಳಗೆ ಎಳೆದಳು. ಆಮೇಲೆ ಎರಡನೆಯದು, ಮೂರನೆಯದು. ಏಳನೆಯದರ ಬುಡಕ್ಕೆ ಬಂದಾಗ ತಲೆ ಎತ್ತಿ, "ಮಿಸ್, ಇದು ಎಪ್ಪತ್ತು ಮನೆ ಆಗುತ್ತೆ" ಎಂದಳು.