ಆಮೆ ಮೇಲೆ ಬರಲೇಬೇಕು, ತೊರಕೆ ಮುಂದೆ ಹೋಗಲೇಬೇಕು

ಹಸಿರು ಕಡಲಾಮೆ ಮತ್ತು ಮಾಂಟಾ ತೊರಕೆ ಈಜುವ ವೀಡಿಯೊಗಳನ್ನು ಒಂದರ ಹಿಂದೆ ಒಂದು ನೋಡಿ. ಎರಡೂ ನೀರಲ್ಲಿ ಹಕ್ಕಿಯ ಹಾಗೆ ರೆಕ್ಕೆ ಬಡಿಯುತ್ತವೆ, ಹತ್ತಿರದ ನೆಂಟರು ಅನ್ನಿಸುತ್ತದೆ ಅಲ್ವಾ? ಆದರೆ ಆಮೆ ಸರೀಸೃಪ, ಬಡಿಯುವುದು ಮುಂಗಾಲು. ಮಾಂಟಾ ಅನ್ನುವುದು ಶಾರ್ಕ್ ಬಳಗದ ಮೀನು, ಅದರ ಮೈಯಲ್ಲಿರುವುದು ನಮ್ಮ ಮೂಗಿನ ತುದಿಯಲ್ಲಿರುವಂಥ ಮೆದು ಮೂಳೆ. ದೊಡ್ಡ ಮಾಂಟಾ ರೆಕ್ಕೆ ಚಾಚಿದರೆ 7 ಮೀಟರ್‌ವರೆಗೂ ಬರುತ್ತದೆ. ಬಾಲದಲ್ಲಿ ಕುಟುಕುವ ಮುಳ್ಳಿಲ್ಲ, ತಿನ್ನುವುದು ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳು. ಬಾಯಿಯ ಅಕ್ಕಪಕ್ಕ ಸುರುಳಿ ಸುತ್ತಿಕೊಂಡ ಎರಡು ಪಟ್ಟಿಗಳಿರುತ್ತವೆ, ಊಟದ ಹೊತ್ತಿಗೆ ಅವನ್ನು ಬಿಚ್ಚಿ ನೀರನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಇವುಗಳ ಉಸಿರು. ಆಮೆಗೆ ಇರುವುದು ಶ್ವಾಸಕೋಶ. ಮೇಲೆ ಬಂದು ತಲೆಯಷ್ಟೇ ಎತ್ತುತ್ತದೆ, ಫುಸ್ ಅಂತ ಗಾಳಿ ಬಿಟ್ಟು, ಒಂದೆರಡು ಸೆಕೆಂಡಲ್ಲಿ ಹೊಸ ಗಾಳಿ ಎಳೆದುಕೊಂಡು ಮತ್ತೆ ಮುಳುಗುತ್ತದೆ. ಸುಮ್ನೆ ಮಲಗಿದ್ದರೆ ಆ ಒಂದು ಉಸಿರಲ್ಲೇ ಗಂಟೆಗಟ್ಟಲೆ ಕೆಳಗಿರಬಲ್ಲದು. ಮಾಂಟಾಗೆ ಮಲಗುವ ಮಾತೇ ಇಲ್ಲ, ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಕಿವಿರಿನ ಮೂಲಕ ನೀರು ಹರಿಯುತ್ತದೆ, ನಿಂತರೆ ಉಸಿರೂ ನಿಂತಂತೆ.

ಈಗ ಇವೆರಡೂ ಒಂದೇ ಬಲೆಗೆ ಬಿದ್ದವು ಅಂದುಕೊಳ್ಳಿ. ಗಾಬರಿಯಲ್ಲಿ ಒದ್ದಾಡುವ ಆಮೆಗೆ ಒಳಗಿನ ಗಾಳಿ ಬೇಗ ಖಾಲಿ, ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಮಾಂಟಾ ಹಿಂದಕ್ಕೆ ಈಜಲಾರದು, ಬಿಡಿಸಿಕೊಳ್ಳಲು ಹೊರಳಿದಷ್ಟೂ ಹಗ್ಗ ಸುತ್ತಿಕೊಳ್ಳುತ್ತದೆ, ಕೊನೆಗೆ ನೀರೊಳಗೇ ಇದ್ದರೂ ಉಸಿರುಗಟ್ಟುತ್ತದೆ. ಇದನ್ನು ಮೊದಲು ತಿಳಿದ ದಿನ ನನಗೆ ತುಂಬಾ ಸಂಕಟವಾಗಿತ್ತು. ಸಿಗಡಿ ಬಲೆಗಳಿಗೆ ಕಂಬಿಯ ಜಾಲರಿ ಹಾಕಿ ಆಮೆ ಹೊರಹೋಗಲು ದಾರಿ ಬಿಡುವ ಸಾಧನವಿದೆ. ಅಷ್ಟು ದೊಡ್ಡ ಮಾಂಟಾಗೆ ಅಂಥ ಕಿಂಡಿ ಎಲ್ಲಿ ಸಾಕಾಗುತ್ತದೆ?

ಸಂತಾನದ ಲೆಕ್ಕ ನೋಡಿದರೆ ಮಾಂಟಾ ಬಗ್ಗೆಯೇ ನನಗೆ ಹೆಚ್ಚು ಭಯ. ಆಮೆ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ, ಒಂದೇ ಋತುವಿನಲ್ಲಿ ಹಲವು ಸಲ. ದೊಡ್ಡದಾಗುವವು ಬೆರಳೆಣಿಕೆಯಷ್ಟೇ, ನಿಜ. ಮಾಂಟಾ ಹೊಟ್ಟೆಯಲ್ಲಿ ಸುಮಾರು ಒಂದು ವರ್ಷ ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಆಮೇಲೆ ವರ್ಷಗಳ ಅಂತರ. ಕಿವಿರಿನಲ್ಲಿ ಆಹಾರ ಸೋಸುವ ತಟ್ಟೆಗಳಿಗಾಗಿ ಇವನ್ನು ಹಿಡಿದು ಮಾರುವುದು ಹೆಚ್ಚಾಗಿ, 2013ರಲ್ಲಿ ಮಾಂಟಾಗಳನ್ನು ಸೈಟೀಸ್ ಪಟ್ಟಿಗೆ, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ಮಾರಾಟಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಗೆ, ಸೇರಿಸಿದರು. ಆ ಒಂದು ಮರಿ ರೆಕ್ಕೆ ಮಡಚಿಕೊಂಡು ಚಾಪೆ ಸುತ್ತಿದ ಹಾಗೆ ಹೊರಬರುತ್ತದೆ. ರೆಕ್ಕೆ ಬಿಚ್ಚಿದ್ದೇ ತಡ, ತಾಯಿಯ ಆಸರೆಯಿಲ್ಲದೆ ಒಂಟಿಯಾಗಿ ಈಜಲು ಶುರು ಮಾಡುತ್ತದೆ.