‘ಇದು ಬಣ್ಣ ಬಿಡಲ್ವಾ?’

ಮೇಣ ಹಾಕಿ ಬಣ್ಣದಲ್ಲಿ ಅದ್ದಿದ ಬಾಟಿಕ್ ಬಟ್ಟೆಯಲ್ಲಿ ನಾನು ಹೊಲಿಯುವ ಆನೆಗೊಂಬೆಯನ್ನು ಯಾರ ಕೈಗೆ ಕೊಟ್ಟರೂ ಮೊದಲು ಸೊಂಡಿಲು ಹಿಡಿದು ಅಲ್ಲಾಡಿಸುತ್ತಾರೆ. ಆಮೇಲೆ ಕಿವಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡು, ಕೇಳುತ್ತಾರೆ: “ಇದು ಬಣ್ಣ ಬಿಡಲ್ವಾ?” ತುಂಡು ಬಟ್ಟೆ ಜೋಡಿಸಿ ಹೊಲಿದ ಕೌದಿ ಬಿಚ್ಚಿ ಹಾಸಿದರೂ ಅದೇ ಪ್ರಶ್ನೆ. ಹೊಲಿಗೆ ಎಷ್ಟು ದಿನ ಹಿಡಿಯಿತು, ಒಳಗೆ ಏನು ತುಂಬಿದ್ದೀಯ, ಇವೆಲ್ಲ ಆಮೇಲೆ.

ಬಿಡುತ್ತೆ. ಅಂಗಡಿಯಿಂದ ತಂದ ದಿನ ಖಂಡಿತ ಬಿಡುತ್ತೆ. ನಾನು ಹೊಲಿದು ಕೊಡುವ ದಿನ ಬಿಡಬಾರದು. ಈ ಎರಡು ದಿನಗಳ ನಡುವೆ ನಮ್ಮ ಮನೆಯ ಬಕೆಟ್‌ಗಳಲ್ಲಿ ಏನೇನು ನಡೆಯುತ್ತೆ ಅನ್ನೋದನ್ನ ಒಮ್ಮೆ ಬರೆದಿಟ್ಟುಬಿಟ್ಟರೆ ಪ್ರತಿ ಸಲ ಬಾಯಲ್ಲಿ ಹೇಳೋದು ತಪ್ಪುತ್ತೆ.

ನಾನೂ ಇದನ್ನು ಕೆಟ್ಟ ಮೇಲೇ ಕಲಿತದ್ದು. ಶುರುವಿನಲ್ಲಿ ಸ್ನೇಹಿತೆಯ ಮಗಳ ಹುಟ್ಟುಹಬ್ಬಕ್ಕೆ ಒಂದು ಆನೆ ಮಾಡಿದ್ದೆ. ಮೈಗೆ ಕಡು ಕೆಂಪು ಬಾಟಿಕ್, ಹೊಟ್ಟೆಗೂ ಕಿವಿಯ ಒಳಬದಿಗೂ ಬಿಳಿ ಪಾಪ್ಲಿನ್. ಚೆನ್ನಾಗಿಯೇ ಬಂದಿತ್ತು. ಆ ಹುಡುಗಿಗೆ ಎಷ್ಟು ಇಷ್ಟವಾಯಿತು ಅಂದರೆ ಮರುದಿನ ಸ್ನಾನಕ್ಕೂ ಜೊತೆಗೆ ಕರೆದುಕೊಂಡು ಹೋದಳು. ಸಂಜೆ ಸ್ನೇಹಿತೆ ಫೋಟೋ ಕಳಿಸಿದಳು. ಆನೆಯ ಹೊಟ್ಟೆ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿತ್ತು. ಕಿವಿಯ ಒಳಗೆ ಹರಿದು ಬಂದ ಕೆಂಪು, ಥೇಟ್ ಗಾಯದ ಹಾಗೆ. ಅವಳು ನಗುವ ಇಮೋಜಿ ಹಾಕಿದ್ದಳು. ನನಗೆ ನಗು ಬರಲಿಲ್ಲ.

ಆಗ ನೆನಪಾದದ್ದು ಅಜ್ಜಿಯ ಕೌದಿ. ಅಜ್ಜಿ ಧಾರವಾಡದ ಕಡೆಯವರು. ಹಳೆಯ ಇಳಕಲ್ ಸೀರೆ, ಧೋತರ, ಹರಿದ ಅಂಗಿ, ಯಾರದೋ ಲಂಗ, ಎಲ್ಲಾ ಸೇರಿಸಿ ಹೊಲಿಯುತ್ತಿದ್ದರು. ಕೆಂಪು ತುಂಡಿನ ಪಕ್ಕದಲ್ಲೇ ಬಿಳಿ ಧೋತರದ ತುಂಡು. ವರ್ಷಕ್ಕೊಮ್ಮೆ ಹೊಳೆಗೆ ಒಯ್ದು ಬಂಡೆಗೆ ಬಡಿದು ಒಗೆದರೂ ಬಿಳಿ ಬಿಳಿಯಾಗಿಯೇ ಇರುತ್ತಿತ್ತು. ಅದು ಹೇಗೆ ಅಂತ ಅಮ್ಮನನ್ನು ಕೇಳಿದೆ. ತಾನೂ ಒಮ್ಮೆ ಅಜ್ಜಿಯನ್ನು ಹೀಗೇ ಕೇಳಿದ್ದಳಂತೆ. ಅಜ್ಜಿ ಅಂದಿದ್ದು ಇಷ್ಟೇ: “ಹತ್ತ ವರ್ಷ ಒಗದ ಅರಿವಿ, ಇನ್ನೇನ್ ಬಿಡ್ತದ ಅದು?”

ಇಡೀ ವಿಷಯ ಇರುವುದೇ ಇಲ್ಲಿ. ಕೌದಿ ಹುಟ್ಟಿದ್ದು ಹಳೆ ಬಟ್ಟೆಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳೂ ಹಾಗೇ, ಉಟ್ಟು ಬಿಟ್ಟ ಬಟ್ಟೆಯವು. ಬಣ್ಣಬಣ್ಣದ ತುಂಡುಗಳನ್ನು ಮೂಲೆಯಿಂದ ಶುರುಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಸಣ್ಣ ತ್ರಿಕೋನ ಹಚ್ಚುತ್ತಾರೆ, ಅದಕ್ಕೆ ಫುಲ ಅಂತ ಹೆಸರು. ಆ ಬಟ್ಟೆಗಳು ಬಿಡಬೇಕಾದ ಬಣ್ಣವನ್ನೆಲ್ಲ ಯಾರದೋ ಮೈಮೇಲೆ ಇದ್ದಾಗಲೇ ಬಿಟ್ಟು ಮುಗಿಸಿರುತ್ತವೆ. ನಾನು ಹಾಗಲ್ಲ, ಅಂಗಡಿಯಿಂದ ಹೊಸಾ ಬಟ್ಟೆ ತಂದು ಸಂಜೆಗೇ ಕತ್ತರಿ ಹಾಕಿದ್ದೆ. ಹತ್ತು ವರ್ಷದ ಒಗೆತವನ್ನು ಹತ್ತು ದಿನದಲ್ಲಿ ಮಾಡಿ ಮುಗಿಸಬೇಕಿತ್ತು. ಈಗ ಮಾಡುತ್ತೇನೆ.

ಬಾಟಿಕ್ಕೇ ಯಾಕೆ ಇಷ್ಟು ಬಿಡುತ್ತೆ? ಅದನ್ನು ಮಾಡುವ ರೀತಿ ನೋಡಿದರೆ ಅರ್ಥವಾಗುತ್ತೆ. ಬಿಸಿ ಮೇಣದಲ್ಲಿ ಚಿತ್ತಾರ ಬರೆಯುತ್ತಾರೆ ಅಥವಾ ಅಚ್ಚು ಒತ್ತುತ್ತಾರೆ. ಜಾವಾದಲ್ಲಿ ಬರೆಯಲು ಚಂಟಿಂಗ್ ಅಂತ ಪುಟ್ಟ ತಾಮ್ರದ ಗಿಂಡಿಯಂಥ ಪೆನ್ನು, ಒತ್ತಲು ಚಪ್ ಅನ್ನುವ ತಾಮ್ರದ ಅಚ್ಚು. ಇಂಡೋನೇಷ್ಯಾದ ಬಾಟಿಕ್ಕನ್ನು ಯುನೆಸ್ಕೊ 2009ರಲ್ಲಿ ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಕಚ್ಛದ ಮುಂದ್ರಾ, ಉಜ್ಜಯಿನಿ ಪಕ್ಕದ ಭೈರೂಗಢದ ಬಾಟಿಕ್ ಹೆಸರುವಾಸಿ. ಕಚ್ಛದಲ್ಲಿ ಹಿಂದೆ ಮೇಣದ ಬದಲು ಪೀಲು ಅನ್ನುವ ಮರದ ಬೀಜದ ಎಣ್ಣೆಯಿಂದ ಮಾಡಿದ ಅಂಟು ಬಳಸುತ್ತಿದ್ದರು, ಪ್ಯಾರಾಫಿನ್ ಮೇಣ ಬಂದದ್ದು ಆಮೇಲೆ. ಏನೇ ಇರಲಿ, ಮೇಣ ಕೂತ ಕಡೆ ಬಣ್ಣ ಹತ್ತುವುದಿಲ್ಲ. ಆ ಮೇಣ 60 ಡಿಗ್ರಿ ಆಸುಪಾಸಿನಲ್ಲಿ ಕರಗಿಹೋಗುತ್ತೆ. ಹಾಗಾಗಿ ಬಣ್ಣದ ತೊಟ್ಟಿ ತಣ್ಣಗೇ ಇರಬೇಕು. ಕುದಿಸಿ ಹತ್ತಿಸುವ ಬಣ್ಣ ಇಲ್ಲಿಗೆ ಆಗಿಬರೋದಿಲ್ಲ.

ತಣ್ಣೀರಿನಲ್ಲಿ ಹತ್ತುವ ಬಣ್ಣಗಳು ಕೆಲವೇ. ಒಂದು ನ್ಯಾಫ್ತಾಲ್. ಬಟ್ಟೆಯನ್ನು ಒಂದು ದ್ರಾವಣದಲ್ಲಿ ಅದ್ದುತ್ತಾರೆ, ಆಗ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಇರೋದಿಲ್ಲ. ಎರಡನೇ ದ್ರಾವಣಕ್ಕೆ ಹಾಕಿದ ಕೂಡಲೇ ಕೆಂಪೋ ಮರೂನೋ ಎದ್ದು ಬರುತ್ತೆ. ನೂಲಿನ ಒಳಗೆ ಎದ್ದ ಬಣ್ಣ ಗಟ್ಟಿ. ನೂಲಿನ ಮೇಲ್ಮೈಯಲ್ಲಿ ಕೂತ ಬಣ್ಣ ಬರೀ ಪುಡಿ, ಉಜ್ಜಿದರೆ ಬರುತ್ತೆ. ಇನ್ನೊಂದು ರಿಯಾಕ್ಟಿವ್ ಬಣ್ಣ. ಇದು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತೆ, ಒಮ್ಮೆ ಬೆಸೆದದ್ದು ಸುಲಭಕ್ಕೆ ಬಿಡೋದಿಲ್ಲ. ಆದರೆ ಬೆಸೆದುಕೊಳ್ಳದೆ ಸುಮ್ನೆ ಉಳಿದ ಬಣ್ಣವೂ ಬಟ್ಟೆಯಲ್ಲೇ ಇರುತ್ತಲ್ಲ, ಅದನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಕೊನೆಯಲ್ಲಿ ಮೇಣ ಬಿಡಿಸಲು ಹೇಗೂ ಕುದಿಯುವ ನೀರಿಗೆ ಹಾಕುತ್ತಾರೆ. ಅಲ್ಲೇ ಚೆನ್ನಾಗಿ ತೊಳೆದರೆ ನಮಗೆ ತೊಂದರೆ ಇಲ್ಲ. ಅವಸರದಲ್ಲಿ ಒಂದೇ ನೀರಿಗೆ ಮುಗಿಸಿದರೆ ಉಳಿದ ಒಗೆತ ನಮ್ಮ ಪಾಲಿಗೆ.

ಅಂದರೆ ಬಕೆಟ್ಟಿಗೆ ಬರುವುದು ಹೆಚ್ಚುವರಿ ಬಣ್ಣ. ಚಿತ್ತಾರ ಅಳಿಸಿಹೋಗುತ್ತೆ ಅಂತ ಹೆದರಬೇಕಿಲ್ಲ. ಏಳೆಂಟು ನೀರು ಕಂಡ ನನ್ನ ಬಟ್ಟೆಗಳು ಒಂದಿಷ್ಟು ಮೆತ್ತಗಾಗಿವೆ, ಬಣ್ಣ ಒಂದು ಎಳೆ ತಿಳಿಯಾಗಿದೆ. ಅಷ್ಟೇ.

ಇಲ್ಲಿಗೆ ಬಂದ ಮೇಲೆ ಎಲ್ಲರೂ ಹೇಳುವ ಮಾತು: “ಉಪ್ಪು ನೀರಲ್ಲಿ ನೆನೆಸಿಡು, ಬಣ್ಣ ನಿಲ್ಲುತ್ತೆ.” ನಮ್ಮಮ್ಮನೂ ಹೇಳುತ್ತಾಳೆ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಉಪ್ಪು ನೀರಿನಲ್ಲಿ ಬಟ್ಟೆ ಕಡಿಮೆ ಬಣ್ಣ ಬಿಡುವುದು ನಿಜ. ಬಣ್ಣ ಹಾಕುವವರೂ ಉಪ್ಪು ಬಳಸುತ್ತಾರೆ, ಬಣ್ಣ ನೀರು ಬಿಟ್ಟು ನೂಲಿನ ಕಡೆ ಸರಿಯಲಿ ಅಂತ. ಆದರೆ ಉಪ್ಪಿಗೆ ಬಣ್ಣವನ್ನು ಬೆಸೆಯಲು ಬರುವುದಿಲ್ಲ. ಆ ಬಕೆಟ್ಟಿನ ಮಟ್ಟಿಗೆ ಬಾಯಿ ಮುಚ್ಚಿಸುತ್ತೆ, ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಮತ್ತೆ ಬಾಯಿ ಬಿಡುತ್ತೆ. ವಿನಿಗರ್ ಕೂಡ ಅಷ್ಟೇ. ಅದು ಕೆಲಸಕ್ಕೆ ಬರುವುದು ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳಿಗೆ. ಹತ್ತಿ ಬಟ್ಟೆಗೆ ಸುರಿದರೆ ಮನೆಯೆಲ್ಲ ಉಪ್ಪಿನಕಾಯಿ ವಾಸನೆ, ಲಾಭ ಏನೂ ಇಲ್ಲ.

ಬಣ್ಣ ನಿಲ್ಲಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹೋಗಬೇಕಾದದ್ದು ಹೋಗಲಿ ಅಂತ ಬಿಟ್ಟುಬಿಡುತ್ತೇನೆ. ಬಟ್ಟೆಯನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ, ಸೋಪಿನ ಪುಡಿ ಹಾಕಿ, ಒಂದೊಂದು ಬಣ್ಣಕ್ಕೆ ಒಂದೊಂದು ಬಕೆಟ್ ಇಟ್ಟು ನೆನೆಸುತ್ತೇನೆ. ನೀರು ಧಾರಾಳವಾಗಿರಬೇಕು. ಕಡಿಮೆ ನೀರಿನಲ್ಲಿ ಬಿಟ್ಟ ಬಣ್ಣ ವಾಪಸ್ ಬಟ್ಟೆಗೇ ಹತ್ತುತ್ತೆ. ಒಂದು ಗಂಟೆ ಬಿಟ್ಟು ಹಿಂಡಿ, ನೀರು ಚೆಲ್ಲಿ, ಮತ್ತೆ. ಈ ನೀರನ್ನು ಗಿಡಕ್ಕೆ ಹಾಕುವುದಿಲ್ಲ, ಬಚ್ಚಲು ತೊಳೆಯಲು ಆಗುತ್ತೆ. ನೀರು ತಿಳಿಯಾಯಿತು ಅನ್ನಿಸಿದಾಗ ಸ್ಟೀಲ್ ಲೋಟದಲ್ಲಿ ನೋಡಬೇಡಿ, ಗಾಜಿನ ಲೋಟ ತಗೊಳ್ಳಿ. ಬಟ್ಟೆಯ ಒಂದು ಚೂರು, ಅದರ ಜೊತೆ ಬಿಳಿ ಪಂಚೆಯ ಒಂದು ಚೂರು, ಮೇಲೆ ಬಿಸಿನೀರು. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಪಂಚೆಯ ಚೂರೇ ತೀರ್ಪು ಹೇಳುತ್ತೆ. ಇನ್ನೊಂದು ಪರೀಕ್ಷೆ ಇದೆ: ಒದ್ದೆ ಬಿಳಿ ಬಟ್ಟೆಯನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತುವುದು. ಹೊಟ್ಟೆಗೆ ಬಿಳಿ ಹಾಕುವ ಪ್ರಾಣಿಗಳಿಗೆ ಎರಡನ್ನೂ ಮಾಡುತ್ತೇನೆ. ಮೊದಲ ಸಲ ಇಸ್ತ್ರಿ ಮಾಡುವಾಗ ಕೆಳಗೂ ಮೇಲೂ ಬಿಳಿ ಕಾಗದ ಇಡಿ. ಮೇಣ ಉಳಿದಿದ್ದರೆ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಕಲೆ ಬೀಳುತ್ತೆ.

ಅಂದಹಾಗೆ, ಬಾಟಿಕ್ ಅಂತ ಮಾರುವುದೆಲ್ಲ ಬಾಟಿಕ್ ಅಲ್ಲ. ಬಟ್ಟೆ ತಿರುಗಿಸಿ ನೋಡಿ. ಮೇಣ ಹಾಕಿ ಬಣ್ಣದಲ್ಲಿ ಮುಳುಗಿಸಿದ್ದಾದರೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಹಿಂದೆ ಪೇಲವವಾಗಿ, ಮುಂದೆ ಮಾತ್ರ ಗಾಢವಾಗಿದ್ದರೆ ಅದು ಬಾಟಿಕ್ ಡಿಸೈನಿನ ಪ್ರಿಂಟ್. ಪ್ರಿಂಟ್ ಕೆಟ್ಟದ್ದು ಅಂತಲ್ಲ, ಬೆಲೆ ಕೊಡುವಾಗ ಗೊತ್ತಿರಬೇಕು ಅಷ್ಟೇ.

ಆನೆಗೂ ಕೌದಿಗೂ ನಾನು ಒಂದೇ ಬಟ್ಟೆ ತರುವುದಿಲ್ಲ. ಜಾವಾದ ಒಳ್ಳೆಯ ಬಾಟಿಕ್ ತುಂಬಾ ಒತ್ತಾದ ನೇಯ್ಗೆಯದು. ಮೇಣದ ಗೆರೆ ಹರಡದೆ ಚೂಪಾಗಿ ನಿಲ್ಲಲಿ ಅಂತ ಅಂಥ ಬಟ್ಟೆಯನ್ನೇ ಆರಿಸುತ್ತಾರೆ. ಅದರಲ್ಲಿ ಕೈಯಿಂದ ಕೌದಿ ಹೊಲಿಯಲು ಹೋಗಿ ನನ್ನ ಬೆರಳು ತೂತಾಗಿವೆ. ಮೂರು ಪದರ ದಾಟುವಷ್ಟರಲ್ಲಿ ಸೂಜಿ ಬಾಗುತ್ತೆ. ಅದೇ ಬಟ್ಟೆ ಆನೆಗೆ ಹೇಳಿ ಮಾಡಿಸಿದ ಹಾಗಿದೆ: ಅಂಚು ಬಿಚ್ಚಿಕೊಳ್ಳೋದಿಲ್ಲ, ಒಳಗೆ ತುಂಬಿದ್ದು ಹೊರಗೆ ಇಣುಕೋದಿಲ್ಲ. ಮೆಷಿನ್ನಿಗೆ 14ನೇ ನಂಬರ್ ಸೂಜಿ ತೆಗೆದು 11 ಹಾಕಿಕೊಳ್ಳಿ, ಇಲ್ಲದಿದ್ದರೆ ಹೊಲಿಗೆಯ ಗುಂಟ ಸಾಲಾಗಿ ತೂತು ಕಾಣುತ್ತೆ. ಕೌದಿಗೆ ಮಲ್ ಅಥವಾ ಕೇಂಬ್ರಿಕ್‌ನಂಥ ತೆಳು ಹತ್ತಿ ಬಟ್ಟೆಯ ಮೇಲೆ ಮಾಡಿದ ನಮ್ಮ ಬಾಟಿಕ್ಕೇ ವಾಸಿ. ಸೂಜಿಗೆ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿಕೊಂಡು ಎಳೆಯಬಹುದು. ಒಳಪದರಕ್ಕೆ ಈಗಲೂ ಅಮ್ಮನ ಹಳೆ ಸೀರೆಯನ್ನೇ ಹಾಕುತ್ತೇನೆ. ಅದರ ಬಣ್ಣದ ಚಿಂತೆ ಯಾವತ್ತೋ ಮುಗಿದಿದೆ.

ಆನೆಯೇ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಬೆಕ್ಕು, ಆಮೆ, ಮೀನು ಎಲ್ಲಾ ಮಾಡಿದ್ದೇನೆ. ಆದರೆ ಬಾಟಿಕ್ ಬಟ್ಟೆಗೆ ಆನೆಯಷ್ಟು ಒಪ್ಪುವ ಪ್ರಾಣಿ ಇಲ್ಲ. ಪ್ಯಾರಾಫಿನ್ ತಣ್ಣಗಾದ ಮೇಲೆ ಪೆಡಸಾಗುತ್ತೆ. ಬಟ್ಟೆ ಮುದುರಿದಾಗ ಬಿರಿಯುತ್ತೆ. ಆ ಬಿರುಕಿಗೆ ಬಣ್ಣ ಇಳಿದು ಸಣ್ಣ ಸಣ್ಣ ನರಗಳ ಹಾಗೆ ಗೆರೆ ಮೂಡುತ್ತೆ. ಆ ಗೆರೆ ಬಿದ್ದ ಜಾಗವನ್ನೇ ಹುಡುಕಿ ಸೊಂಡಿಲಿಗೆ ಕತ್ತರಿಸಿದರೆ ಥೇಟ್ ಆನೆಯ ಸುಕ್ಕು ಚರ್ಮ. ಜರ್ಮನಿಯ ಮಾರ್ಗರೆಟ್ ಸ್ಟೈಫ್ 1880ರ ಸುಮಾರಿಗೆ ಮೊದಲು ಹೊಲಿದ ಪ್ರಾಣಿಯೂ ಆನೆಯೇ, ಅದೂ ಆಟಕ್ಕಲ್ಲ, ಗುಂಡುಸೂಜಿ ಚುಚ್ಚಿಡಲು. ಮಕ್ಕಳು ಎತ್ತಿಕೊಂಡು ಆಡಿದರು, ಅದು ಗೊಂಬೆಯಾಯಿತು. ಸೊಂಡಿಲು ಮಾತ್ರ ಎಲ್ಲರನ್ನೂ ಸತಾಯಿಸುತ್ತೆ. ಬಾಗಿದ ಕಡೆಯೆಲ್ಲ ಹೊಲಿಗೆಯ ಹತ್ತಿರದವರೆಗೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಬಿಡಬೇಕು, ಇಲ್ಲವಾದರೆ ತಿರುಗಿಸಿದಾಗ ಅಲ್ಲಲ್ಲೇ ಗಂಟು ಬೀಳುತ್ತೆ. ತಿರುಗಿಸಲು ನಾನು ಮೊಂಡು ತುದಿಯ ಹೆಣಿಗೆ ಕಡ್ಡಿ ಬಳಸುತ್ತೇನೆ. ತುಂಬುವಾಗ ಮೊದಲು ಸೊಂಡಿಲು, ಅದೂ ಕಡಲೆಕಾಳಿನಷ್ಟು ಚೂರು ಚೂರಾಗಿ. ದೊಡ್ಡ ಉಂಡೆ ತುರುಕಿದರೆ ಹಾವು ಕಪ್ಪೆ ನುಂಗಿದ ಹಾಗೆ ಕಾಣುತ್ತೆ. ಒಳಗೆ ಪಾಲಿಯೆಸ್ಟರ್ ಫೈಬರ್. ಬೂರುಗದ ಹತ್ತಿ ಹಾಕುವ ಆಸೆಯೇನೋ ಇದೆ, ಆದರೆ ಒಗೆದ ಮೇಲೆ ಗಂಟು ಕಟ್ಟುತ್ತೆ. ಸ್ನಾನಕ್ಕೆ ಹೋಗುವ ಆನೆಗೆ ಅದು ಆಗದು.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಎಷ್ಟೇ ಒಗೆದಿದ್ದರೂ, ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಹೊಸ ಬಾಟಿಕ್‌ನ ಗೊಂಬೆ ಕೊಡುವುದಿಲ್ಲ. ಹಾನಿಕಾರಕ ಅಂತ ಗೊತ್ತಾದ ಕೆಲವು ಅಜೋ ಬಣ್ಣಗಳನ್ನು ನಮ್ಮ ದೇಶದಲ್ಲಿ 1990ರ ದಶಕದಲ್ಲೇ ನಿಷೇಧಿಸಿದ್ದಾರೆ, ಸರಿ. ಆದರೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಬಟ್ಟೆಯ ಮೇಲೆ ಯಾವ ಬಣ್ಣ ಅಂತ ಯಾರೂ ಬರೆದಿರುವುದಿಲ್ಲ. ಅಂಥ ಮಗುವಿಗೆ ಅಪ್ಪನ ಹಳೇ ಬನಿಯನ್ನಿನ ಮೊಲವೇ ಸಾಕು. ಕಣ್ಣಿಗೆ ಗುಂಡಿ ಹಚ್ಚುವುದಿಲ್ಲ, ದಾರದಲ್ಲೇ ಕಸೂತಿ. ಕೆಲವರಿಗೆ ಇದರಿಂದ ಬೇಜಾರಾಗುತ್ತೆ. ಆಗಲಿ.

ಆ ಗುಲಾಬಿ ಹೊಟ್ಟೆಯ ಆನೆ ಏನಾಯಿತು ಅಂತ ಕೇಳಿದರೆ, ವಾಪಸ್ ತರಿಸಿಕೊಂಡೆ. ಅಷ್ಟರಲ್ಲಿ ಒಣಗಿಬಿಟ್ಟಿತ್ತು, ಒದ್ದೆಯಿದ್ದಾಗಲೇ ಸಿಕ್ಕಿದ್ದರೆ ಚೆನ್ನಾಗಿತ್ತು. ಇಂಥ ಕಲೆ ಬಿದ್ದಾಗ ಒಣಗಿಸಬಾರದು, ಇಸ್ತ್ರಿಯಂತೂ ಮುಟ್ಟಲೇಬಾರದು. ದೊಡ್ಡ ಟಬ್ಬಿನ ತುಂಬ ಬಿಸಿನೀರು, ಧಾರಾಳ ಸೋಪು, ಅದರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಮೇಲೆ ತೇಲದಿರಲಿ ಅಂತ ಬೆನ್ನ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಗುಂಡುಕಲ್ಲು. ಮೂರು ರಾತ್ರಿ ಹೀಗೆ ಮಾಡಿದ ಮೇಲೆ ಹೊಟ್ಟೆ ಹೆಚ್ಚುಕಡಿಮೆ ಬಿಳಿಯಾಯಿತು. ಕಿವಿ ಕೇಳಲಿಲ್ಲ. ಬಾಲಕ್ಕೆ ಕ್ಲಿಪ್ ಹಾಕಿ ತಂತಿಗೆ ನೇತುಹಾಕಿದೆ, ಒಣಗಲು ನಾಲ್ಕು ದಿನ ಹಿಡಿಯಿತು. ಎದುರುಮನೆಯವರು ದಿನಾ ಬಂದು ನೋಡಿಕೊಂಡು ಹೋಗುತ್ತಿದ್ದರು.

ಎಲ್ಲಾ ಬಟ್ಟೆಯೂ ದಾರಿಗೆ ಬರುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹೋದ ವರ್ಷ ಒಂದು ಕಡುನೀಲಿ ಬಾಟಿಕ್ ತಂದೆ, ಎರಡೂವರೆ ಮೀಟರ್. ನೀಲಿಯ ಮೇಲೆ ಬಿಳಿ ಮೀನು, ಮೈತುಂಬ ಬಿರುಕಿನ ಗೆರೆ, ನೋಡಿದ ಕೂಡಲೇ ಇಡೀ ಕೌದಿ ಕಣ್ಣಮುಂದೆ ಬಂದಿತ್ತು. ಅಂಗಡಿಯವನು “ಒಂದೇ ಒಂದು ಒಗೆತ ಅಷ್ಟೇ ಮೇಡಂ” ಅಂದಿದ್ದ. ಮೊನ್ನೆ ಹನ್ನೊಂದನೇ ಸಲ ನೆನೆಸಿದೆ. ಗಾಜಿನ ಲೋಟ ಇನ್ನೂ ಅಡುಗೆಮನೆ ಕಿಟಕಿಯಲ್ಲೇ ಇದೆ, ನೀರು ಇನ್ನೂ ನೀಲಿ. ಹನ್ನೆರಡಕ್ಕೂ ಜಗ್ಗದಿದ್ದರೆ ಹೊಲಿಗೆ ಮೆಷಿನ್ನಿಗೆ ಹೊದಿಕೆ ಮಾಡುತ್ತೇನೆ. ಅದು ಸ್ನಾನಕ್ಕೆ ಹೋಗೋದಿಲ್ಲ.